ಬಿಳಿ ಬಣ್ಣ ಬಿಟ್ಟ ಮೇಲೆ ಸಿಕ್ಕಿದ ಮುಖ

ಬೋರ್ಡ್ ಬರೆಯೋನಿಗೆ ಸ್ವಂತ ಮುಖ ಬರೆಯೋ ಚಪಲ ಯಾಕೆ ಅಂತ ಕೋಲಾರದ ಗೆಳೆಯರೆಲ್ಲ ನಕ್ಕಿದ್ದರು. "ಅಣ್ಣಾ, ನಿನ್ನ ಮುಖಕ್ಕೆ ಯಾರು ದುಡ್ಡು ಕೊಡ್ತಾರೆ?" ಅಂದಿದ್ದವರೇ ಈಗ ಬಣ್ಣ ಹೇಗೆ ಅರೆದೆ ಅಂತ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಫ್ಲೆಕ್ಸ್ ಬಂದ ಮೇಲೆ ಪುರುಸೊತ್ತು ಬೇಕಾದಷ್ಟು, ಕೆಲಸ ಕಮ್ಮಿ. ಡಚ್ ಚಿತ್ರಕಾರ ವ್ಯಾನ್ ಗೋ 1886–88ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಇಪ್ಪತ್ತಕ್ಕೂ ಹೆಚ್ಚು ಸಲ ತನ್ನ ಮುಖವನ್ನೇ ಬರೆದ. ಮಾಡೆಲ್‌ಗೆ ಕೊಡೋಕೆ ಅವನ ಹತ್ತಿರ ಕಾಸಿರಲಿಲ್ಲ. ನನ್ನದೂ ಅದೇ ಲೆಕ್ಕ.

ಮೊದಲು ಫೋನಿನ ಸೆಲ್ಫಿ ನೋಡಿ ಬರೆದೆ. ದಂಡ. ಹತ್ತಿರದಿಂದ ತೆಗೆದರೆ ಮೂಗು ಉಬ್ಬುತ್ತೆ, ಕಿವಿ ಹಿಂದಕ್ಕೆ ಸರಿಯುತ್ತೆ, ಸಾಲದ್ದಕ್ಕೆ ಫೋನೇ ಚರ್ಮ ನುಣ್ಣಗೆ ಮಾಡಿಟ್ಟಿರುತ್ತೆ. ಆಮೇಲೆ ಮುಚ್ಚಿಹೋದ ಸಲೂನಿನ ಕನ್ನಡಿಯೊಂದನ್ನ 300ಕ್ಕೋ 350ಕ್ಕೋ ತಂದೆ. ದಪ್ಪ ಗಾಜು, ಮುಖಕ್ಕೆ ಸ್ವಲ್ಪ ಹಸಿರು ಹೊಡೆಯುತ್ತೆ, ಅಭ್ಯಾಸ ಆಯ್ತು. ಅದರ ಮುಂದೆ ಕೂತು ಬರೆದ ಹತ್ತು ಹನ್ನೆರಡು ಹಲಗೆ ಸಾಲಾಗಿ ಒರಗಿಸಿದರೆ ಎಲ್ಲಾ ಚುನಾವಣೆ ಕಟೌಟ್! ಗದ್ದ ಮೇಲೆ, ಮುಕ್ಕಾಲು ಮುಖ, ತುಟಿಯಲ್ಲಿ ಕಿರುನಗೆ, ನನಗಿಲ್ಲದ ಬಿಳುಪು. ಇಪ್ಪತ್ತು ವರ್ಷ ಗಿರಾಕಿಗಳನ್ನ ಬೆಳ್ಳಗೆ ಮಾಡಿದ ಕೈ ನನ್ನನ್ನೂ ಬಿಟ್ಟಿರಲಿಲ್ಲ. ಟೈಟೇನಿಯಂ ವೈಟ್ ಟ್ಯೂಬುಗಳನ್ನ ಎತ್ತಿ ಅಟ್ಟಕ್ಕೆ ಹಾಕಿದೆ.

ಬದಲಿಗೆ ಕೆಮ್ಮಣ್ಣು. ನಮ್ಮ ಕಡೆ ಬಿಟ್ಟಿ. ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ರಾಡಿಯನ್ನ ಹಳೇ ಪಂಚೆಯಲ್ಲಿ ಸೋಸಿ, ಒಣಗಿಸಿ, ಗಾಜಿನ ಮೇಲೆ ಅಗಸೆ ಎಣ್ಣೆ ಬಿಟ್ಟು ಅರೀಬೇಕು. ಎಣ್ಣೆ ಹೆಚ್ಚಾದರೆ ಒಣಗುವಾಗ ಸುಕ್ಕುಗಟ್ಟುತ್ತೆ. ನಾಲ್ಕೈದು ಹಲಗೆ ಹಾಗೇ ಹೋದವು. ಮಾಲೂರಿನ ಒಡಕು ಹೆಂಚು ಕುಟ್ಟಿಯೂ ನೋಡಿದೆ. ಬಣ್ಣ ಚೆನ್ನ, ಎಷ್ಟು ಅರೆದರೂ ಕುಂಚದ ಕೆಳಗೆ ಗರಗರ. ಹಳದಿ ಮಣ್ಣನ್ನ ಕಾವಲಿ ಮೇಲೆ ಹುರಿದರೆ ನೀರಿನಂಶ ಹೋಗಿ ಕೆಂಪಿಗೆ ತಿರುಗುತ್ತೆ; ಬೇಗ ಇಳಿಸಿದರೆ ಒಂದು ಛಾಯೆ, ತಡವಾಗಿ ಇಳಿಸಿದರೆ ಇನ್ನೊಂದು. ದೋಸೆ ಕಾವಲಿ ಹಾಳಾಗಿ ಹೊಸದಕ್ಕೆ 600 ತೆತ್ತೆ. ಕಣ್ಣ ಕೆಳಗಿನ ಕಪ್ಪಿಗೆ ಇನ್ನೊಂದು ಪುಡಿ ಬೆರೆಸ್ತೀನಿ, ಅದನ್ನ ಹೇಳಲ್ಲ.

8×4 ಅಡಿಯ ಹಾರ್ಡ್‌ಬೋರ್ಡ್ ಶೀಟಿಗೆ 12×16 ಇಂಚಿನ ತುಂಡು 24 ಬರುತ್ತವೆ. ಪ್ರೈಮರ್ ಹೊಡೆದ ತುಂಡಿಗೆ ತೆಳ್ಳಗೆ ಕೆಮ್ಮಣ್ಣು ಬಳಿದು, ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೀತೀನಿ. ಬೆಳಗ್ಗೆ, ಕ್ಷೌರಕ್ಕೂ ಮುಂಚೆ, ಉತ್ತರದ ಕಿಟಕಿ ಪಕ್ಕ, ಮುಕ್ಕಾಲು ಗಂಟೆ. ಹಿಂದೆ ತಾರೀಕು ಹಾಕಿ ಗೋಡೆ ಕಡೆ ತಿರುಗಿಸಿಡೋದು. ನಿನ್ನೆಯದು ಕಣ್ಣಿಗೆ ಬಿದ್ದರೆ ಇವತ್ತಿನದು ಅದರ ನಕಲಾಗುತ್ತೆ.

ಒಂದೂವರೆ ತಿಂಗಳಾದ ಮೇಲೆ ಎಲ್ಲಾ ಈಚೆ ತಿರುಗಿಸಿದೆ. ಬಲಗಡೆ ದವಡೆ, ಕಿವಿಯ ಕೆಳಗೆ, ಪ್ರತಿ ಹಲಗೆಯಲ್ಲೂ ಗಂಟು. ಮುಟ್ಟಿ ನೋಡಿಕೊಂಡೆ: ಸುಮ್ಮನೆ ಕೂತಾಗಲೂ ಹಲ್ಲು ಕಚ್ಚಿಕೊಂಡೇ ಇರ್ತೀನಿ! ನಾನು ತಣ್ಣಗಿನ ಮನುಷ್ಯ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ನನ್ನಾಕೆ ಮಧ್ಯದ ನಾಲ್ಕು ಹಲಗೆ ತೋರಿಸಿ, "ಇದು ಬಾಕಿ ವಸೂಲಿಗೆ ಹೋಗಿ ಬರಿಗೈಲಿ ಬಂದಾಗಿನ ಮುಖ ಅಲ್ವೇನ್ರೀ?" ಅಂದಳು. ತಾರೀಕು ನೋಡಿದರೆ ನಿಜ. ಸುಮಾರು 14,000 ಬಾಕಿ ಕೇಳೋಕೆ ಬಂಗಾರಪೇಟೆಗೆ ಅಲೆದ ವಾರ. ಮೈಬಣ್ಣ ಮಾತ್ರ ಥೇಟ್ ನಮ್ಮಪ್ಪನದು. ಅವರ ಫೋಟೊ ನೋಡಿ ಹಿಂದೆ ನಾನೇ ಬರೆದಿದ್ದ ಚಿತ್ರದಲ್ಲಿ ಅದು ಇರಲಿಲ್ಲ, ಅಲ್ಲೂ ಬಿಳಿ ಬಳಿದಿದ್ದೆ.

ಕಾವಲಿ ಸೇರಿ ಖರ್ಚು 4,000 ದಾಟಿಲ್ಲ. ಹಲಗೆಗಳನ್ನ ನೋಡಿದ ಇಬ್ಬರು ಮೇಷ್ಟ್ರು ತಮ್ಮ ಮುಖವನ್ನೂ ಹೀಗೇ ಬರೆದುಕೊಡಿ ಅಂದರು. ನಾನು ಬರೆಯಲ್ಲ, ನೀವೇ ಬರ್ಕೊಳ್ಳಿ, ಕಲಿಸ್ತೀನಿ, ತಲೆಗೆ 1,500 ಅಂದೆ, ಭಾನುವಾರ ಬರ್ತಿದ್ದಾರೆ. ಒಬ್ಬರು ಚೂರೇ ಚೂರು ಬಿಳಿ ಕೊಡಿ ಅಂತ ಇನ್ನೂ ಹಟ ಹಿಡಿದಿದ್ದಾರೆ, ಕೊಟ್ಟಿಲ್ಲ.