ಫ್ರೆಟ್ ಕಿತ್ತ ಬೇಸ್: ಮೂರನೇ ನೆಕ್ ಕೊನೆಗೂ ಹಾಡಿತು

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರು ನನ್ನ ಬೇಸ್ ಗಿಟಾರಿನ ಎರಡನೇ ನೆಕ್ಕನ್ನು, ಅಂದರೆ ತಂತಿ ಹಾಯುವ ಮರದ ಕತ್ತನ್ನು, ಕೈಯಲ್ಲಿ ಹಿಡಿದು, ಮೂಸಿ ನೋಡಿ, "ಇದನ್ನ ಬಚ್ಚಲ ಒಲೆಗೆ ಹಾಕಪ್ಪ, ನೀರಾದ್ರೂ ಕಾಯುತ್ತೆ" ಅಂದಿದ್ದರು. ಎರಡು ವರ್ಷದ ಹಿಂದಿನ ಮಾತು. ಹೋದ ಗಣೇಶನ ಸೀಸನ್ನಿನಲ್ಲಿ ಅದೇ ಮನುಷ್ಯ ಸೌಂಡ್ ಚೆಕ್ ಮಧ್ಯೆ ಕೈ ನಿಲ್ಲಿಸಿ, "ಯಾವುದೋ ಹೊಸ ಬೇಸ್ ತಗೊಂಡ್ಯಾ?" ಅಂತ ಕೇಳಿದರು. ಹೊಸದಲ್ಲ ಸ್ವಾಮಿ. ಅದೇ ಒಂಬತ್ತೂವರೆ ಸಾವಿರದ ಸೆಕೆಂಡ್ ಹ್ಯಾಂಡ್ ಬೇಸ್, ಫೆಂಡರ್ ಕಂಪನಿಯ 'ಜಾಝ್ ಬೇಸ್' ಮಾದರಿಯ ಕಾಪಿ. ನೆಕ್ ಮಾತ್ರ ಮೂರನೆಯದು, ಅದರ ಫ್ರೆಟ್ಟುಗಳನ್ನು, ಅಂದರೆ ಸ್ವರದ ಜಾಗಕ್ಕೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳನ್ನು, ನಾನೇ ಕಿತ್ತದ್ದು.

ಈ ಹುಚ್ಚು ನನಗೆ ಹಿಡಿದದ್ದು ಎಲ್ಲರಿಗೂ ಹಿಡಿಯುವ ಹಾಗೆ ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ನಿಂದಲೇ. ಅವನದು 1962ರ ಜಾಝ್ ಬೇಸ್, ಫ್ರೆಟ್ ಜಾಗಕ್ಕೆ ಮರದ ಪುಟ್ಟಿ, ಮೇಲೆ ದೋಣಿಗೆ ಬಳಿಯುವ, ಒಣಗಿದರೆ ಗಟ್ಟಿ ಪದರವಾಗುವ ಎಪಾಕ್ಸಿ. ಫ್ರೆಟ್ ಕಿತ್ತವನು ತಾನೇ ಅಂತ ಒಮ್ಮೆ ಹೇಳಿದ, ಕೊಂಡಾಗಲೇ ಕಿತ್ತಿತ್ತು ಅಂತ ಇನ್ನೊಮ್ಮೆ. ಏನೇ ಇರಲಿ, 1976ರ ಅವನ ಮೊದಲ ಆಲ್ಬಮ್ ಕೇಳಿದ ಮೇಲೆ ಫ್ರೆಟ್ ಇರುವ ಬೇಸ್ ಹಿಡಿದರೆ ಮೆಟ್ಟಿಲು ಹತ್ತಿದ ಹಾಗೆ ಅನ್ನಿಸತೊಡಗಿತು.

ನನ್ನ ಬೇಸಿಗೂ ಹಾಗೆ ಮಾಡಿಕೊಡಿ ಅಂತ ಬೆಂಗಳೂರಿನ ಒಬ್ಬ ರಿಪೇರಿಯವರನ್ನು ಕೇಳಿದೆ. ಹದಿನಾಲ್ಕು ಸಾವಿರ ಅಂದರು. "ಇಷ್ಟು ಅಗ್ಗದ ನೆಕ್ಕಿಗೆ ಎಪಾಕ್ಸಿ ವೇಸ್ಟು, ಅದು ತಡೆಯಲ್ಲ" ಅಂತ ಬುದ್ಧಿಮಾತನ್ನೂ ಸೇರಿಸಿದರು. ಆ ಮಾತು ಕೇಳಿಯೇ ನಾನು ಹಟಕ್ಕೆ ಬಿದ್ದದ್ದು.

ಮೊದಲನೇ ನೆಕ್ಕಿನ ಕಥೆ ಬೇಗ ಮುಗಿಯುತ್ತದೆ. ಬಿಸಿ ಮಾಡದೆ ಕಟಿಂಗ್ ಪ್ಲೇಯರ್‌ನಲ್ಲಿ ಫ್ರೆಟ್ ಎಳೆದೆ. ಬೀಟೆ ಮರ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಇಪ್ಪತ್ತರಲ್ಲಿ ಹದಿಮೂರು ಕಡೆ ಗಾಯ. ಪೇಂಟ್ ಅಂಗಡಿಯ ಪುಟ್ಟಿ ತುಂಬಿದೆ, ಒಣಗಿದಾಗ ಕುಗ್ಗಿ ಸಣ್ಣ ಚರಂಡಿ ಉಳಿಯಿತು. ಎಪಾಕ್ಸಿಯನ್ನೂ ಹಾಕಿರಲಿಲ್ಲ. ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ, ಒರಟು ಮೈಯ) ತಂತಿ ಎರಡೇ ತಿಂಗಳಲ್ಲಿ ಡಿ ತಂತಿಯ ಕೆಳಗೆ ಮರವನ್ನು ಗರಗಸದ ಹಾಗೆ ಕೊರೆಯಿತು.

ಎರಡನೆಯದು ಬಿಡಿ ನೆಕ್. ಮೂರು ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟಿದ್ದೆ. ಈ ಸಲ ಸೋಲ್ಡರಿಂಗ್ ಐರನ್ನಿನಿಂದ ಒಂದೊಂದು ಫ್ರೆಟ್ಟನ್ನೂ ಕಾಯಿಸಿ, ಬಾಯಿ ಸವೆಸಿದ ಇಕ್ಕಳದಲ್ಲಿ ಮೆಲ್ಲಗೆ ಎತ್ತಿದೆ. ಚೆನ್ನಾಗಿಯೇ ಬಂತು. ಕೆಟ್ಟದ್ದು ಎಪಾಕ್ಸಿ. ಜುಲೈ ತಿಂಗಳು, ಮೈಸೂರಿನಲ್ಲಿ ಜಿಟಿ ಜಿಟಿ ಮಳೆ. ಎಪಾಕ್ಸಿಯ ಎರಡು ದ್ರವಗಳಾದ ರೆಸಿನ್ನನ್ನೂ ಹಾರ್ಡ್‌ನರನ್ನೂ ಕಣ್ಣಳತೆಯಲ್ಲಿ ಬೆರೆಸಿ ಒಂದೇ ಸಲ ದಪ್ಪಗೆ ಸುರಿದೆ. ಎಂಟು ದಿನವಾದರೂ ಬೆರಳಿಟ್ಟರೆ ಜೋನಿ ಬೆಲ್ಲದ ಹಾಗೆ ಅಂಟುತ್ತಿತ್ತು. ಮೇಲೆ ಬೂದಿ ಹಿಡಿದಂಥ ಪೊರೆ, ಒಳಗೆಲ್ಲ ಗುಳ್ಳೆ. ಬೇಗ ಒಣಗಲಿ ಅಂತ ತಾರಸಿಯ ಬಿಸಿಲಿಗಿಟ್ಟೆ. ನೆಕ್ ತಿರುಚಿಕೊಂಡಿತು. ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡಲು ಒಳಗಿರುವ ಸರಳು) ಪೂರ್ತಿ ತಿರುಗಿಸಿದರೂ ಸರಿಹೋಗಲಿಲ್ಲ. ಬಚ್ಚಲ ಒಲೆಯ ಮಾತು ಬಂದದ್ದು ಆಗಲೇ. ಅಲ್ಲಿಗೆ ಬೇಸ್ ಬಿಟ್ಟು ಬರೀ ಪ್ರಯೋಗಕ್ಕೆ ಏಳು ಸಾವಿರ ಹೋಗಿತ್ತು. ಮನೆಯಲ್ಲಿ ನಾಲ್ಕು ಸಾವಿರ ಅಂತ ಹೇಳಿದ್ದೆ.

ಮೂರನೆಯದಕ್ಕೆ ಸಹಾಯವಾದದ್ದು ಗಿಟಾರ್ ಜನ ಅಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ಗೊತ್ತಲ್ಲ, ಆನೆ, ದಸರಾ ಮೆರವಣಿಗೆ ಎಲ್ಲ ಕೂರಿಸುತ್ತಾರಲ್ಲ, ಅದೇ. ನಮ್ಮ ಫಿಂಗರ್‌ಬೋರ್ಡೂ, ಅಂದರೆ ನೆಕ್ಕಿನ ಮೇಲೆ ಬೆರಳಿಡುವ ಹಲಗೆಯೂ, ಬೀಟೆಯೇ ಅಲ್ವಾ? ಹಾಗಾದರೆ ಅದರ ಸೀಳಿಗೆ ಮರ ಕೂರಿಸುವುದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಒಬ್ಬ ಹಿರಿಯ ಕುಶಲಕರ್ಮಿಯ ಹತ್ತಿರ ಹೋದೆ. ನೆಕ್ ನೋಡಿ ಅವರು ನಕ್ಕರು. "ಏನ್ ಸಾರ್, ಆನೆ ಬೇಡ, ನವಿಲು ಬೇಡ, ಬರೀ ಗೆರೆ ಸಾಕಾ?" ಫ್ರೆಟ್ ಸೀಳು ಸುಮಾರು 0.6 ಮಿ.ಮೀ. ಅಷ್ಟೇ ತೆಳುವಾಗಿ ಬಿಳಿ ಮರದ ಪಟ್ಟಿ ಎಳೆದುಕೊಟ್ಟರು, ಇಪ್ಪತ್ತಕ್ಕೆ ಮುನ್ನೂರು ರೂಪಾಯಿ. ಪಟ್ಟಿಯನ್ನು ಸೀಳಿಗೆ ಬಡಿಯಬಾರದು, ಬರೀ ಹೆಬ್ಬೆರಳಿನ ಒತ್ತಿಗೆ ಇಳಿಯಬೇಕು ಅಂತ ತೋರಿಸಿದರು. ಬಿಗಿಯಾಗಿ ಬಡಿದರೆ ಇಪ್ಪತ್ತು ಪಟ್ಟಿಯೂ ಸೇರಿ ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತವೆ. ಪುಟ್ಟಿಯ ಕಾಟ ಅಲ್ಲಿಗೆ ಮುಗಿಯಿತು.

ಎಪಾಕ್ಸಿಗೆ ಫೆಬ್ರವರಿ ಕೊನೆಯವರೆಗೆ ಕಾದೆ. ಒಣ ಹವೆ ಬೇಕೇ ಬೇಕು, ಇದರಲ್ಲಿ ರಾಜಿ ಇಲ್ಲ. ರೆಸಿನ್ ಆರ್ಟ್ ಮಾಡುವವರು ಬಳಸುವ ತೆಳು ರೆಸಿನ್, ಸುಮಾರು ಏಳುನೂರೈವತ್ತು. ಚಿನ್ನದ ಅಂಗಡಿಯಲ್ಲಿರುವಂಥ ಪುಟ್ಟ ಡಿಜಿಟಲ್ ತಕ್ಕಡಿಗೆ ಮುನ್ನೂರೈವತ್ತು. ನನ್ನ ಬಾಟಲಿಯದು ತೂಕದಲ್ಲಿ ರೆಸಿನ್ ಎರಡಕ್ಕೆ ಹಾರ್ಡ್‌ನರ್ ಒಂದು. ನಿಮ್ಮದು ಬೇರೆ ಇರಬಹುದು, ಓದಿಕೊಳ್ಳಿ. ನೆಕ್ಕಿನ ಎರಡೂ ಅಂಚಿಗೆ ಟೇಪಿನ ಒಡ್ಡು ಕಟ್ಟಿ ಆರು ತೆಳು ಕೋಟ್ ಹಾಕಿದೆ. ಹಿಂದಿನದು ಪೂರ್ತಿ ಗಟ್ಟಿಯಾಗುವ ಮೊದಲು, ಉಗುರು ಒತ್ತಿದರೆ ಗುರುತು ಬೀಳುವಾಗಲೇ, ಮುಂದಿನದು. ಗುಳ್ಳೆ ಹೋಗಿಸಲು ಹೇರ್ ಡ್ರೈಯರ್ ಹಿಡಿಯುತ್ತಾರೆ, ನಾನೂ ಹಿಡಿದೆ, ಅದು ಅರ್ಧ ಕೆಲಸ ಮಾತ್ರ. ಉಳಿದರ್ಧ ಮೊದಲ ಕೋಟಿಗೂ ಮುಂಚೆ ಮರಕ್ಕೆ ಮಾಡುವ ಒಂದು ಕೆಲಸದಲ್ಲಿದೆ. ಅದನ್ನು ಇಲ್ಲಿ ಬರೆಯಲ್ಲ. ಏಳು ಸಾವಿರ ಕೊಟ್ಟು ಕಲಿತದ್ದು.

ಒಂದು ವಾರ ಮುಟ್ಟಲಿಲ್ಲ. ಆಮೇಲೆ ಉಜ್ಜುವುದು. ರೇಡಿಯಸ್ ಬ್ಲಾಕ್ (ನೆಕ್ಕಿನ ಮೇಲ್ಮೈಯ ಉಬ್ಬಿಗೆ ಹೊಂದುವ, ಉಜ್ಜುವ ಅಚ್ಚು) ತರಿಸಲು ಸಾವಿರದ ಮೇಲೆ ಕೇಳುತ್ತಿದ್ದರು. ಹಾಳಾದ ಮೊದಲನೇ ನೆಕ್ ಇತ್ತಲ್ಲ, ಅದರ ಉಬ್ಬಿನ ರೇಡಿಯಸ್ಸೂ ಇದರ ಹಾಗೇ ಒಂಬತ್ತೂವರೆ ಇಂಚು. ಚಕ್ಕೆ ಎದ್ದಿರದ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕಾರಿನ ಬಾಡಿ ಪುಟ್ಟಿ ಒತ್ತಿ ಅಚ್ಚು ತೆಗೆದೆ. ಅಚ್ಚಿನ ಬೆನ್ನಿಗೆ ಅಡುಗೆ ಕಟ್ಟೆಯ ಗ್ರಾನೈಟ್ ತುಂಡು ಅಂಟಿಸಿದೆ. ಅರವತ್ತು ರೂಪಾಯಿಗೆ ಬ್ಲಾಕ್ ರೆಡಿ, ಭಾರವೂ ಹದವಾಗಿತ್ತು. ಸ್ಯಾಂಡ್ ಪೇಪರ್ 180ನೇ ನಂಬರಿನಿಂದ ಶುರು ಮಾಡಿ 2000ದವರೆಗೆ, 400 ಆದ ಮೇಲೆ ನೀರು ಹಾಕಿ, ಕೊನೆಗೆ ಕಾರಿನ ರಬ್ಬಿಂಗ್ ಕಾಂಪೌಂಡ್. ಮಾಸ್ಕ್ ಇಲ್ಲದೆ ಈ ಪುಡಿಯ ಹತ್ತಿರ ಹೋಗಬೇಡಿ. ಮೊದಲ ದಿನ ಉದಾಸೀನ ಮಾಡಿ ಮೂರು ರಾತ್ರಿ ಕೆಮ್ಮಿದೆ. ಎರಡು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಎರಡನೇ ಭಾನುವಾರ ಸಂಜೆ ಟ್ಯೂಬ್‌ಲೈಟಿನ ಬಿಂಬ ನಟ್ಟಿನಿಂದ (ನೆಕ್ಕಿನ ತಲೆಯ ಕಡೆ ತಂತಿ ಕೂರುವ ಪಟ್ಟಿ) ಕೊನೆಯ ಗೆರೆಯವರೆಗೆ ಎಲ್ಲೂ ಮುರಿಯದೆ ನೇರ ಕಂಡಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

ನಟ್ಟಿನ ಸೀಳು ಇಳಿಸುವುದು, ಬ್ರಿಡ್ಜ್ ತಗ್ಗಿಸುವುದು, ಅಂದರೆ ತಂತಿಯನ್ನು ಮರಕ್ಕೆ ಹತ್ತಿರ ತರುವುದು, ನಿಮಗೆ ಗೊತ್ತಿರುವುದೇ. ನೆಕ್ ಹೆಚ್ಚುಕಡಿಮೆ ನೇರ ಇಟ್ಟಿದ್ದೇನೆ, ತೀರಾ ನೇರ ಅಲ್ಲ. ಮೊದಲ ಸ್ವರಕ್ಕೇ, ಫ್ರೆಟ್ ಇಲ್ಲದ ಬೇಸಿಗೇ ವಿಶಿಷ್ಟವಾದ, ಬಾಯಿ ತೆರೆದು ಹಾಡಿದಂಥ ಆ "ಮ್ವಾ" ಬಂತು.

ಆದರೆ ಮೊದಲ ಪ್ರೋಗ್ರಾಂ ನಂಜನಗೂಡಿನಲ್ಲಿ ಕೆಟ್ಟಿತು. ತಪ್ಪು ನೆಕ್ಕಿನದಲ್ಲ, ನನ್ನದು. ನೆಕ್ಕಿನ ಬದಿಯ ಗುರುತಿನ ಚುಕ್ಕಿಗಳು ಹಳೇ ಜಾಗದಲ್ಲೇ, ಎರಡು ಗೆರೆಗಳ ನಡುವೆ ಇದ್ದವು. ಕತ್ತಲ ಸ್ಟೇಜಿನಲ್ಲಿ ಚುಕ್ಕಿ ನೋಡಿಕೊಂಡು ಬೆರಳಿಟ್ಟೆ. ಬೆರಳು ಕೂರಬೇಕಾದ್ದು ಗೆರೆಯ ಮೇಲೇ ಅಲ್ವಾ? ಅರ್ಧ ಗಂಟೆ ಶ್ರುತಿ ಇಳಿಸಿಯೇ ನುಡಿಸಿದೆ. ಗಾಯಕಿ ತಿರುಗಿ ತಿರುಗಿ ನೋಡುತ್ತಿದ್ದರು. ಮಾರನೇ ದಿನ ಹಳೇ ಚುಕ್ಕಿಗೆ ಕಪ್ಪು ಬಳಿದು, 3, 5, 7, 9, 12ರ ಗೆರೆಯ ತುದಿಗೇ ಹೆಂಡತಿಯ ಬಿಳಿ ನೇಲ್ ಪಾಲಿಶ್ ಇಟ್ಟೆ.

ನಡುವೆ ಸುಮ್ನೆ ಕೆಲವು ಆಟಗಳನ್ನೂ ಆಡಿದೆ. ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿ) ಹಾಕಿದರೆ ಭಾವಗೀತೆಗೆ ಬಹಳ ಚೆಂದ, ಮ್ವಾ ಮಾತ್ರ ಮುಕ್ಕಾಲು ಮಾಯ. ಮೂರು ಸಾವಿರದ ಎಂಟುನೂರರ ಸೆಟ್ ಈಗ ಡಬ್ಬಿಯಲ್ಲಿದೆ. ತಂಬೂರಿ ಆ್ಯಪ್ ಹಾಕಿಕೊಂಡು ಮೋಹನ ಹಿಡಿದೆ. ಗಾಂಧಾರವನ್ನು ಎಳೆದು ನಿಲ್ಲಿಸುವುದು ಇಲ್ಲಿ ಎಷ್ಟು ಸಲೀಸು ಅಂದರೆ, ಇಷ್ಟು ವರ್ಷ ಯಾಕೆ ಆ ತಂತಿ ಬೇಲಿ ಇಟ್ಟುಕೊಂಡಿದ್ದೆ ಅನ್ನಿಸಿತು. ಪಾಲ್ ಸೈಮನ್‌ನ 1986ರ 'ಯು ಕ್ಯಾನ್ ಕಾಲ್ ಮಿ ಆಲ್' ಹಾಡಿನಲ್ಲಿ ಬಕಿತಿ ಕುಮಾಲೊ ನುಡಿಸಿದ ಫ್ರೆಟ್‌ಲೆಸ್ ತುಣುಕನ್ನು ಎರಡು ತಿಂಗಳು ಅಭ್ಯಾಸ ಮಾಡಿದೆ. ಮೊದಲರ್ಧ ಬಂತು, ಎರಡನೆಯದು ಏನು ಮಾಡಿದರೂ ಕೈಗೆ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಅದು ಮೊದಲರ್ಧದ ಟೇಪನ್ನೇ ಹಿಂದುಮುಂದು ಮಾಡಿದ್ದಂತೆ!

ಮೂರನೇ ನೆಕ್ಕಿಗೆ ಆದ ಖರ್ಚು ನೆಕ್ ಸೇರಿ ಐದು ಸಾವಿರದ ಆಸುಪಾಸು. ಹದಿನಾಲ್ಕು ತಿಂಗಳಿಂದ ರೌಂಡ್‌ವೂಂಡಿನಲ್ಲೇ ನುಡಿಸುತ್ತಿದ್ದೇನೆ. ಜಿ ತಂತಿಯ ಕೆಳಗೆ ಏಳನೇ ಗೆರೆಯ ಹತ್ತಿರ ಕೂದಲೆಳೆಯಷ್ಟು ಗೀರು ಬಿದ್ದಿದೆ, ಅಷ್ಟೇ. ಕೀಬೋರ್ಡಿನವರ ಅಣ್ಣನ ಮಗನ ಹತ್ತಿರ ಒಂದು ಐದು ತಂತಿಯ ಬೇಸ್ ಇದೆಯಂತೆ. ಅದರ ಫ್ರೆಟ್ ಕಿತ್ತು ಕೊಡಲು ಆರು ಸಾವಿರ ಹೇಳಿದ್ದೇನೆ, ಅದೂ ಫೆಬ್ರವರಿಗೆ. ಮಳೆಗಾಲದಲ್ಲಿ ಮುಟ್ಟಲ್ಲ ಅಂದಿದ್ದೇನೆ.