ರೇಷ್ಮೆ ಹುಳು ಮನೆಯಲ್ಲಿ ಬಣ್ಣ ಕಂಡ ಮಿನಿ ಕೂಪರ್: ನನ್ನ ಅನುಭವ

"ಪ್ಲಾಸ್ಟಿಕ್ ಬಾಡಿ ಮೇಲೆ ಗ್ಯಾರೇಜ್ ಪೇಂಟ್ ಹೊಡೆದರೆ ಕರಗಿಹೋಗುತ್ತೆ" ಅಂತ ನನಗೆ ಹೇಳದವರಿಲ್ಲ. ಬೆಂಗಳೂರಿನಲ್ಲಿ ಮಾಡೆಲ್ ಕಾರಿನ ಕಿಟ್ ಕಟ್ಟುವ ಗೆಳೆಯರು ಹೇಳಿದರು. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಬಣ್ಣ ಕಲಸಿ ಕೊಡುವ ಅಂಗಡಿಯವರು ಹೇಳಿದರು. ಇಪ್ಪತ್ತು ವರ್ಷದಿಂದ ಕಾರುಗಳಿಗೆ ಗನ್ ಹಿಡಿಯುತ್ತಿರುವ ಪೇಂಟರ್ ಭಾಯ್ ಕೂಡ "ಬ್ಯಾಡ ಸಾರ್, ದುಡ್ಡು ದಂಡ" ಅಂದರು. ಈ ಮಾರ್ಚ್‌ನಲ್ಲಿ ಮುಗಿಸಿದ ಟಮಿಯಾ ಕಂಪನಿಯ 1/24 ಅಳತೆಯ ಮಿನಿ ಕೂಪರ್ ಮಾಡೆಲ್ ಈಗ ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯ ಶೋಕೇಸ್‌ನಲ್ಲಿ ನಿಂತಿದೆ. ಮೇಲಿನ ಟ್ಯೂಬ್‌ಲೈಟಿನ ಗೆರೆ ಅದರ ಬಾನೆಟ್ ಮೇಲೆ ಎಲ್ಲೂ ಅಲುಗದೆ ಕಾಣುತ್ತದೆ. ಹೊಡೆದಿರುವುದು ನಿಜವಾದ ಕಾರುಗಳಿಗೆ ಹೊಡೆಯುವ ಅದೇ ಗ್ಯಾರೇಜ್ ಪೇಂಟ್. ಹೇಗೆ ಮಾಡಿದೆ ಅಂತ ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಮಾಡೆಲ್‌ಗೆಂದೇ ಬರುವ ಜಪಾನಿನ ಲ್ಯಾಕರ್ ಬಣ್ಣಗಳನ್ನು ನಾನು ತೆಗಳುವುದಿಲ್ಲ, ಅವು ಒಳ್ಳೆಯ ಬಣ್ಣಗಳು. ಆದರೆ ಒಂದು ಕಾರಿಗೆ ಪ್ರೈಮರ್, ಬಿಳಿ, ಕೆಂಪು, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪು), ಥಿನ್ನರ್ ಎಲ್ಲ ಸೇರಿಸಿದರೆ ನನಗೆ 2,200ರ ಹತ್ತಿರ ಬೀಳುತ್ತಿತ್ತು. ಕಿಟ್ಟೇ 2,800 ಇರುವಾಗ ಬಣ್ಣಕ್ಕೆ ಅಷ್ಟು ಹಾಕುವುದು ರೇಷ್ಮೆ ಗೂಡಿನ ರೇಟು ನಂಬಿಕೊಂಡವನ ಕೈಲಿ ಆಗುವ ಮಾತಲ್ಲ. ಅದೂ ಅಲ್ಲದೆ ತರಿಸಿದ್ದು ಬರಲು ತಿಂಗಳು ಹಿಡಿಯುತ್ತದೆ. ಸ್ಪ್ರೇ ಡಬ್ಬಿಯಂತೂ ಬೆಂಕಿ ಹತ್ತುವ ಸಾಮಾನು ಅಂತ ಮಾಮೂಲಿ ವಿಮಾನ ಪಾರ್ಸೆಲ್‌ನಲ್ಲಿ ಬರುವುದೇ ಇಲ್ಲ. ಅಂಗಡಿಯಲ್ಲಿ 100 ಎಂಎಲ್ ಕೆಂಪು ಬೇಸ್‌ಕೋಟ್ (ಕ್ಲಿಯರ್ ಕೆಳಗಿನ ಬಣ್ಣ) ಕಲಸಿಸಿಕೊಂಡರೆ 180 ರೂಪಾಯಿ. ನಾಲ್ಕು ಕಾರಿಗೆ ಸಾಕು.

ಮೊದಲ ಬಾಡಿ ಹಾಳಾದದ್ದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪ್ರೈಮರ್‌ನಿಂದ. 900 ರೂಪಾಯಿಯ ಅಗ್ಗದ ಕಿಟ್, ಹಾಗಾಗಿ ಧೈರ್ಯ ಮಾಡಿದ್ದೆ. ಕಾರಿಗೆ ಹೊಡೆಯುವ ಹಾಗೆಯೇ ಒದ್ದೆಯಾಗಿ, ತುಂಬ ಹೊಡೆದೆ. ಹತ್ತು ನಿಮಿಷದಲ್ಲಿ ರೂಫ್ ಮೇಲೆಲ್ಲ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಬಿರುಕು. ಬೆರಳಿಟ್ಟರೆ ಪ್ಲಾಸ್ಟಿಕ್ ಮೆತ್ತಗೆ. ಎರಡನೇ ಬಾಡಿಯಲ್ಲಿ ಪ್ರೈಮರ್ ಸರಿಯಾಯಿತು, ಬೇಸ್‌ಕೋಟ್ ಸರಿಯಾಯಿತು, ಸೆಪ್ಟೆಂಬರ್ ಮಳೆಯಲ್ಲಿ ಆತುರಪಟ್ಟು ಎನ್‌ಸಿ ಕ್ಲಿಯರ್ ಹೊಡೆದು ಕೆಡಿಸಿದೆ. ಗಾಳಿಯ ತೇವ ಸಿಕ್ಕಿಹಾಕಿಕೊಂಡು ಕಾರಿನ ತುಂಬ ಬೆಳ್ಳನೆ ಮಂಜು ಕೂತಿತು. ಮೂರನೆಯದು ನನ್ನ ಮೊದಲ ಮಿನಿ. ಅದಕ್ಕೆ 2ಕೆ ಕ್ಲಿಯರ್, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವಂಥದ್ದು, ತಂದೆ. ಹೊಳಪು ಬಂತು, ಆದರೆ ಡೆಕಾಲ್ (ಅಂಟಿಸುವ ತೆಳು ಚಿತ್ರ) ಮೇಲೆ ನೇರವಾಗಿ ಒದ್ದೆ ಕೋಟ್ ಕೊಟ್ಟಿದ್ದರಿಂದ ಬಾಗಿಲಿನ ನಂಬರು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುರುಟಿಕೊಂಡಿತು. ಅದೇ ರಾತ್ರಿ ಕರೆಂಟ್ ಹೋಯಿತು ಅಂತ ಏರ್‌ಬ್ರಷ್ (ಬಣ್ಣ ಹೊಡೆಯುವ ಪುಟ್ಟ ಗನ್) ತೊಳೆಯದೆ ಮಲಗಿದೆ. ಬೆಳಿಗ್ಗೆ ಸೂಜಿ ನಾಝಲ್ ಒಂದೇ ಆಗಿ ಕೂತಿದ್ದವು. ಹಾರ್ಡ್‌ನರ್ ಕೂಡಿದ ಕ್ಲಿಯರ್ ಒಮ್ಮೆ ಗಟ್ಟಿಯಾದರೆ ಯಾವ ಥಿನ್ನರ್‌ಗೂ ಬಗ್ಗುವುದಿಲ್ಲ. 1,900 ರೂಪಾಯಿಯ ಏರ್‌ಬ್ರಷ್ ಕಸಕ್ಕೆ ಹೋಯಿತು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು ನಡೆದಿತ್ತು. ಎರಡನೇ ಬಾಡಿಗೆ ಪ್ರೈಮರ್ ಹೊಡೆದದ್ದು ಹುಳು ಮನೆಯ ಪಕ್ಕದ ಜಗುಲಿಯಲ್ಲಿ. ಒಳಗೆ 100 ಮೊಟ್ಟೆಯ (ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ) ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಎದ್ದು ಸೊಪ್ಪು ಮೇಯುತ್ತಿತ್ತು. ಕಿಟಕಿಗೆ ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ಬಲೆ ಇದೆ ನಿಜ, ಬಲೆ ವಾಸನೆಯನ್ನು ತಡೆಯುತ್ತದೆಯೇ? ಜಗುಲಿ ಕಡೆಯ ಎರಡು ಅಂಕಣದ ಹುಳು ಮಾರನೇ ದಿನ ಸೊಪ್ಪು ಮುಟ್ಟಲಿಲ್ಲ. ಕೆಲವು ತಲೆಯೆತ್ತಿ ಹಸಿರು ನೀರು ಕಾರಿದವು. ಆ ಬೆಳೆಯಲ್ಲಿ 70 ಕೆಜಿ ಬರಬೇಕಾದ ಗೂಡು 52ಕ್ಕೆ ನಿಂತಿತು. ಆವಾಗಿನ ರೇಟಿನಲ್ಲಿ ಹತ್ತಿರ ಹತ್ತಿರ 9,000 ರೂಪಾಯಿ. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಅಮ್ಮ ಮಾತ್ರ, "ಮಗಾ, ಹುಳು ಇರೋವಾಗ ಊದುಬತ್ತಿ ಹಚ್ಚಕ್ಕೂ ನಾವು ಹೆದರ್ತೀವಿ, ನೀನು ಇದನ್ನ ತಂದಿದೀಯಲ್ಲ" ಅಂದರು. ಮೂರನೇ ಬಾಡಿಯೂ ಕೆಟ್ಟ ಮೇಲೆ ಎಂಟು ತಿಂಗಳು ನಾನು ಬಣ್ಣದ ಡಬ್ಬಿ ತೆರೆಯಲಿಲ್ಲ.

ಮತ್ತೆ ಶುರು ಮಾಡಿದ್ದು ಆ ಹುಳು ಮನೆಯಿಂದಲೇ. ಜನವರಿಯಲ್ಲಿ ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿ ಬಂದು ಖಾಲಿ ಮನೆ ಗುಡಿಸುತ್ತಿದ್ದಾಗ ಹೊಳೆಯಿತು. ನಮ್ಮ ಇಡೀ ಮನೆಯಲ್ಲಿ ಇಷ್ಟು ಶುಚಿಯಾದ, ಬಲೆ ಹಾಕಿದ, ಉದ್ದಕ್ಕೂ ಗಾಳಿಯಾಡುವ ಜಾಗ ಬೇರೆ ಇಲ್ಲ. ಗೋಡೆಯಲ್ಲಿ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಕೂಡ ತೂಗುಹಾಕಿದೆ. ಹುಳು ಇರುವಾಗ ನಮಗೆ ಶೇ 70–80 ತೇವ ಬೇಕು, ಗೋಣಿಚೀಲ ನೆನೆಸಿ ತೂಗುಹಾಕುತ್ತೇವೆ. ಬಣ್ಣಕ್ಕೆ ಬೇಕಾದದ್ದು ಅದರ ತದ್ವಿರುದ್ಧ. ಹುಳು ಇಲ್ಲದ ದಿನ, ಫೆಬ್ರವರಿ ಮಾರ್ಚ್ ಬಿಸಿಲಲ್ಲಿ, ಹನ್ನೊಂದು ಗಂಟೆಯಿಂದ ಮೂರರವರೆಗೆ ಅದೇ ಮೀಟರು 40ರ ಆಸುಪಾಸಿಗೆ ಇಳಿಯುತ್ತದೆ. ಮುಂದಿನ ಚಾಕಿ (ಮರಿ ಹುಳು) ಬರುವವರೆಗೆ ನನಗೆ ಸಿಗುವುದು 10–12 ದಿನ. ಅದರಲ್ಲಿ ಗನ್ ಹಿಡಿಯುವುದು ಮೊದಲ ಮೂರು ದಿನ ಮಾತ್ರ. ನಾಲ್ಕನೇ ದಿನ ಬಾಡಿಗಳು ಡಬ್ಬಿ ಸಮೇತ ಅಟ್ಟಕ್ಕೆ. ಆಮೇಲೆ ಎಂದಿನ ಹಾಗೆ ಮನೆ ತೊಳೆದು, ಶೇ 2ರ ಬ್ಲೀಚಿಂಗ್ ದ್ರಾವಣಕ್ಕೆ ಸುಣ್ಣ ಸೇರಿಸಿ ಹೊಡೆದು, ಕಿಟಕಿ ತೆರೆದು ಬಿಟ್ಟುಬಿಡುತ್ತೇವೆ. ಈ ಕ್ರಮದಲ್ಲಿ ಮೂರು ಬೆಳೆ ಆಗಿದೆ, ಒಂದು ಹುಳುವಿಗೂ ತೊಂದರೆಯಾಗಿಲ್ಲ. ಆಷಾಢದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕುವುದಿಲ್ಲ, ಆ ಗಾಳಿಯ ಧೂಳಿಗೆ ಯಾವ ಬಲೆಯೂ ಸಾಲದು.

ಈಗ ಬಣ್ಣಕ್ಕೆ ಬರೋಣ. ಕಾರು 1967ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದದ್ದು: 177ನೇ ನಂಬರು, ನಂಬರ್ ಪ್ಲೇಟು ಎಲ್‌ಬಿಎಲ್ 6ಡಿ, ರೌನೊ ಆಲ್ಟೊನೆನ್ ಓಡಿಸಿದ ಗಾಡಿ. ಅದರ ಹಿಂದಿನ ವರ್ಷ ಮೊದಲ ಮೂರು ಸ್ಥಾನದಲ್ಲಿ ಬಂದ ಮಿನಿಗಳನ್ನು ಹೆಡ್‌ಲೈಟಿನ ನೆಪ ಹೇಳಿ ಹೊರಹಾಕಿದ್ದರು. ಮರುವರ್ಷ ಬಂದು ಗೆದ್ದು ಹೋದ ಕಾರು ಅಂತಲೇ ನನಗೆ ಇದರ ಮೇಲೆ ಪ್ರೀತಿ. ಕೆಂಪು ಮೈ, ಬಿಳಿ ರೂಫ್. ಇಲ್ಲೇ ಹೆಚ್ಚಿನವರು ಎಡವುವುದು. ಕೆಂಪಿನ ಮೇಲೆ ಬಿಳಿ ಹೊಡೆದರೆ ಎಷ್ಟು ಕೋಟ್ ಕೊಟ್ಟರೂ ಕೆಂಪು ಮೇಲೆದ್ದು ರೂಫ್ ಗುಲಾಬಿಯಾಗುತ್ತದೆ. ಬಿಳಿ ಮೊದಲು, ಎರಡು ದಿನ ಬಿಟ್ಟು ಟೇಪ್, ಟೇಪಿನ ಅಂಚಿನ ಮೇಲೆ ಮತ್ತೊಂದು ತೆಳು ಬಿಳಿ, ಆಮೇಲೆ ಕೆಂಪು. ಆ ನಡುವಿನ ಬಿಳಿ ಕೋಟ್ ಬಿಟ್ಟರೆ ರೂಫಿನ ಅಂಚಿನ ಗಟರ್ ಕೆಳಗೆ ಕೆಂಪು ನುಸುಳುತ್ತದೆ.

ಪ್ಯಾನೆಲ್ ಲೈನುಗಳನ್ನು ಬಣ್ಣಕ್ಕೆ ಮೊದಲೇ ಬ್ಲೇಡಿನ ಬೆನ್ನಿನಿಂದ ಇನ್ನಷ್ಟು ಆಳ ಮಾಡಿಕೊಳ್ಳಿ. ನಿಜವಾದ ಕಾರಿನ ಬಣ್ಣದ ಪದರ ಒಟ್ಟು 100–150 ಮೈಕ್ರಾನ್. ಅದನ್ನು 24ರಿಂದ ಭಾಗಿಸಿ ನೋಡಿ, ನಾವು ಹೊಡೆಯುವುದು ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. 2ಕೆ ಕ್ಲಿಯರ್ ಬಾಗಿಲಿನ ಗೆರೆಯನ್ನು ಮೈಸೂರ್‌ಪಾಕಿನ ಪಾಕದ ಹಾಗೆ ತುಂಬಿಬಿಡುತ್ತದೆ.

ಪ್ಲಾಸ್ಟಿಕ್ಕನ್ನು ತಿನ್ನುವುದು ಪೇಂಟ್ ಅಲ್ಲ, ಒದ್ದೆಯಾಗಿ ಕೂತ ಥಿನ್ನರ್. ನಾನು ಇಷ್ಟು ದುಡ್ಡು ಕಳೆದು ಕಲಿತದ್ದು ಇದೊಂದನ್ನು. ಪ್ರೈಮರ್‌ನ ಮೊದಲ ಎರಡು ಕೋಟ್ ಒಂದು ಗೇಣು ದೂರದಿಂದ, ಗಾಳಿಯ ಒತ್ತಡ 15 ಪಿಎಸ್‌ಐ ಸುತ್ತಮುತ್ತ, ಬಾಡಿಗೆ ತಾಗುವಷ್ಟರಲ್ಲಿ ಅರ್ಧ ಒಣಗಿರಬೇಕು. ನೋಡಲು ರಾಗಿ ಹಿಟ್ಟು ಉದುರಿಸಿದ ಹಾಗೆ ಒರಟಾಗಿರುತ್ತದೆ, ಹೆದರಬೇಡಿ. ಒಂದೊಂದಕ್ಕೂ 20 ನಿಮಿಷ ಬಿಡಿ. ಆ ಒರಟು ಪದರವೇ ಮುಂದಿನದಕ್ಕೆಲ್ಲ ಗೋಡೆ. 1000 ನಂಬರಿನ ಉಜ್ಜುವ ಪೇಪರ್‌ನಲ್ಲಿ ಸವರಿದ ಮೇಲೆ ಬೇಸ್‌ಕೋಟ್, ಅದೂ ತೆಳುವಾಗಿ ಮೂರು ಸಲ. ಥಿನ್ನರ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಎರಡು ಬಗೆಯನ್ನು ಬೆರೆಸುತ್ತೇನೆ, ಬೇಗ ಆರುವುದೊಂದು, ನಿಧಾನ ಆರುವುದೊಂದು. ಎಷ್ಟಕ್ಕೆ ಎಷ್ಟು ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಆರು ತಿಂಗಳು ಚಮಚದ ತುಂಡುಗಳ ಮೇಲೆ ಪರೀಕ್ಷೆ ಮಾಡಿ ಕಂಡುಕೊಂಡದ್ದು ಅದು.

ಡೆಕಾಲ್ ಅಂಟಿಸಿ ಎರಡು ದಿನ ಒಣಗಿದ ಮೇಲೆ ಕ್ಲಿಯರ್. ಇಲ್ಲೂ ಅದೇ ಲೆಕ್ಕ: ಎರಡು ಒಣ ಕೋಟ್, ಮೂರನೆಯದು ಮಾತ್ರ ಒದ್ದೆ. ಹಾರ್ಡ್‌ನರ್ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಇರಲಿ, ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆಯಿರಿ. ಉಸಿರಿಗೆ ಕೆಟ್ಟದ್ದಾದ ಐಸೊಸೈನೇಟ್ ಇರುವ ವಸ್ತು, ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆಯುವವರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಾರ್ಟ್ರಿಜ್ ಇರುವ ಮಾಸ್ಕ್ 1,400 ಕೊಟ್ಟು ತಂದೆ. ಇಡೀ ಲೆಕ್ಕದಲ್ಲಿ ಮರುಮಾತಿಲ್ಲದೆ ಕೊಟ್ಟ ದುಡ್ಡು ಅದೊಂದೇ. ಫ್ಯಾನ್ ಹಾಕುವುದಿಲ್ಲ, ಥಿನ್ನರ್ ಆವಿಗೆ ಮೋಟರಿನ ಕಿಡಿ ತಾಗಬಾರದು. ಮುಗಿದ ಕೂಡಲೇ ಏರ್‌ಬ್ರಷ್ ಬಿಚ್ಚಿ ತೊಳೆದು ಆಮೇಲೆ ಊಟ.

ನಡುವೆ ಮೂರು ಪ್ರಯೋಗ ಮಾಡಿದೆ. ಮೊದಲನೆಯದು ಕ್ರೋಮ್. ಕಿಟ್ಟಿನ ಕ್ರೋಮ್ ಬಂಪರ್ ಆಟಿಕೆಯ ಹಾಗೆ ಕಾಣುತ್ತದೆ, ಕಿಟ್ಟಿನ ಚೌಕಟ್ಟಿನಿಂದ ಕತ್ತರಿಸಿದ ಗುರುತು ಬೇರೆ. ಹುಳು ಮನೆಗೆ ಕಲಸಿದ್ದ ಬ್ಲೀಚಿಂಗ್ ನೀರಿಗೇ ಹಾಕಿಟ್ಟೆ. ಅರ್ಧ ಗಂಟೆಯಲ್ಲಿ ಅಷ್ಟೂ ಬಿಟ್ಟುಕೊಂಡಿತು. ಆಮೇಲೆ ಹೊಳಪು ಕಪ್ಪು, ಅದರ ಮೇಲೆ ಕ್ರೋಮ್ ಪೆನ್. ಎರಡನೆಯದು ಒಳಗಿನ ಕಾರ್ಪೆಟ್. ಪಕ್ಕದ ಬೀದಿಯಲ್ಲಿ ನೂಲು ಬಿಚ್ಚಾಣಿಕೆ ಮಾಡುವವರ ಹತ್ತಿರ ಒಂದು ಹಿಡಿ ರೇಷ್ಮೆ ವೇಸ್ಟ್ ತಂದು, ಕಪ್ಪು ಬಣ್ಣಕ್ಕೆ ಅದ್ದಿ ಒಣಗಿಸಿ, ಕತ್ತರಿಯಲ್ಲಿ ಧೂಳಿನಷ್ಟು ಸಣ್ಣಗೆ ಕತ್ತರಿಸಿದೆ. ತಳಕ್ಕೆ ಫೆವಿಕಾಲ್ ಸವರಿ ಚಹಾ ಸೋಸುವ ಜರಡಿಯಿಂದ ಉದುರಿಸಿದರೆ ಕಾರ್ಪೆಟ್. ದುಡ್ಡು ಕೊಟ್ಟು ತರಿಸುವ ಫ್ಲಾಕಿಂಗ್ ಪುಡಿಗಿಂತ ಇದು ಚೆನ್ನಾಗಿದೆ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಮೂರನೆಯದು ಸೋತಿತು. ಗ್ಯಾರೇಜಿನ ಮೆಟಾಲಿಕ್ ಸಿಲ್ವರ್ ಒಂದು ಹಳೇ ಬಾಡಿಗೆ ಹೊಡೆದೆ. ಅದರೊಳಗಿನ ಅಲ್ಯೂಮಿನಿಯಂ ಚೂರು ದೊಡ್ಡ ಕಾರಿನ ಲೆಕ್ಕಕ್ಕೆ ಮಾಡಿದ್ದು, 1/24ರಲ್ಲಿ ಅದು ಜಾತ್ರೆಯ ಬಳೆಯ ಮಿಣುಕಿನ ಹಾಗೆ ಕಂಡಿತು. ಮೆಟಾಲಿಕ್ ಬೇಕಿದ್ದರೆ ಈಗಲೂ ಮಾಡೆಲ್ ಬಣ್ಣವನ್ನೇ ತರಿಸುತ್ತೇನೆ.

ಕ್ಲಿಯರ್ ಗಟ್ಟಿಯಾಗಲು ನಾನು ಒಂದು ವಾರ ಬಿಡುತ್ತೇನೆ. ಆಮೇಲೆ 2000, 3000 ನೀರು ಪೇಪರ್, ಕೊನೆಗೆ ಪಾಲಿಶ್ ಮಾಡುವ ಕಾಂಪೌಂಡ್. ಮಿನಿಯಲ್ಲಿ ಒಂದು ಕಷ್ಟವಿದೆ. ಅದರ ವೆಲ್ಡಿಂಗ್ ಅಂಚುಗಳು ಮೈಯ ಹೊರಗೇ ಎದ್ದು ನಿಂತಿರುತ್ತವೆ, ಮುಂದಿನ ಕಂಬದ ಕೆಳಗೆ, ಹಿಂದಿನ ಕಂಬದ ಹತ್ತಿರ. ಆ ಚೂಪಿನ ಮೇಲೆ ಬಣ್ಣ ನಿಲ್ಲುವುದೇ ಇಲ್ಲ, ಪೇಪರ್ ಒಮ್ಮೆ ತಾಗಿದರೆ ಕೆಳಗಿನ ಪ್ರೈಮರ್ ಬಾಯಿ ಬಿಡುತ್ತದೆ. ಎಡಗಡೆ ಹಿಂದಿನ ಅಂಚಿನಲ್ಲಿ ನನಗೂ ಹಾಗಾಯಿತು. ಕೆಂಪನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎಳೆದು ಮುಚ್ಚಿದೆ. ಈಗ ಅಂಚುಗಳಿಗೆಲ್ಲ ಮೊದಲೇ ಸಣ್ಣಗೆ ಸೀಳಿದ ಟೇಪ್ ಹಾಕಿ ಉಜ್ಜುತ್ತೇನೆ, ಕೊನೆಗೆ ಟೇಪ್ ತೆಗೆದು ಅಂಚನ್ನು ಬರೀ ಕಾಂಪೌಂಡ್ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಏಪ್ರಿಲ್‌ನಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ನೋಡಲು ಬಂದರು. ಕಾರನ್ನು ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡಿ, ಯಾವ ಲ್ಯಾಕರ್ ಅಂತ ಎರಡು ಹೆಸರು ಹೇಳಿದರು. ಎರಡೂ ಜಪಾನಿನವು. ಬಿ.ಬಿ. ರಸ್ತೆಯ ಡಬ್ಬಿ ತೋರಿಸಿದೆ. ಪೇಂಟರ್ ಭಾಯ್‌ಗೆ ಅವರ ಅಂಗಡಿಗೇ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ಉಗುರಿನಿಂದ ಬಾಗಿಲಿನ ಗೆರೆ ಮುಟ್ಟಿ ನೋಡಿ, "ಸಾರ್, ನಮ್ ಹುಡುಗರಿಗೂ ಸ್ವಲ್ಪ ಹೇಳ್ಕೊಡಿ" ಅಂದರು. ಆ ದಿನ ಅವರು ಕ್ಲಿಯರ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈ ಮಿನಿಗೆ ಬಣ್ಣದ ಲೆಕ್ಕದಲ್ಲಿ ಬಿದ್ದದ್ದು ಹೆಚ್ಚೆಂದರೆ 350 ರೂಪಾಯಿ. ಹಾಳಾದ ಬಾಡಿ, ಏರ್‌ಬ್ರಷ್, ಆ ಬೆಳೆಯ ನಷ್ಟ ಎಲ್ಲ ಕೂಡಿದರೆ 17,000 ದಾಟುತ್ತದೆ. ಅದನ್ನು ಕಲಿಕೆಯ ಫೀಜು ಅಂತ ಬರೆದಿಟ್ಟಿದ್ದೇನೆ. ಈಗ ಮೇಜಿನ ಮೇಲೆ ಟೊಯೊಟಾ 2000ಜಿಟಿ ಕೂತಿದೆ, ಪೂರ್ತಿ ಬಿಳಿ. ಬಿಳಿಯಲ್ಲಿ ಒಂದು ಕೂದಲು ಬಿದ್ದರೂ ಮುಚ್ಚಿಡಲಾಗುವುದಿಲ್ಲ. ಪ್ರೈಮರ್‌ವರೆಗೆ ಆಗಿದೆ. ಗುರುವಾರ ಚಾಕಿ ಬರುತ್ತದೆ, ಅಮ್ಮ ಆಗಲೇ ಹುಳು ಮನೆಯ ಬಾಗಿಲಿಗೆ ಸುಣ್ಣ ಎರಚಿ ಚಪ್ಪಲಿ ಹೊರಗೆ ಬಿಡಿಸುತ್ತಿದ್ದಾರೆ. ಬಿಳಿ ಬೇಸ್‌ಕೋಟ್ ಇನ್ನು ಈ ಗೂಡು ಬಿಡಿಸಿದ ಮೇಲೆಯೇ.