ಲೋಳೆಪೊರೆಯ ಮೆಲನೋಮಾ: ಜೀನ್ ಪರೀಕ್ಷೆ ಮಾಡಿಸುವುದು, ವರದಿ ಓದುವುದು ಹೇಗೆ?

ಮೆಲನೋಮಾ ಎಂದೊಡನೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಆದರೆ ಮೂಗಿನ ಒಳಭಾಗ, ಬಾಯಿ, ಗುದದ್ವಾರ, ಯೋನಿಗಳ ಲೋಳೆಪೊರೆಯಲ್ಲಿಯೂ ಮೆಲನಿನ್ ಎಂಬ ಕಪ್ಪು ಬಣ್ಣ ತಯಾರಿಸುವ ಕೋಶಗಳಿದ್ದು, ಅಲ್ಲಿ ಅಪರೂಪಕ್ಕೆ ಹುಟ್ಟುವ ಮೆಲನೋಮಾಗೆ ಬಹುಮಟ್ಟಿಗೆ ಬಿಸಿಲು ಕಾರಣವಲ್ಲ. ಆದ್ದರಿಂದಲೇ ಅದರ ಮ್ಯುಟೇಶನ್‌ಗಳ (ಜೀನ್‌ಗಳಲ್ಲಾಗುವ ಬದಲಾವಣೆಗಳ) ಜಾಡೂ ಬೇರೆ. ಚರ್ಮದ ಮೆಲನೋಮಾಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಬಿಆರ್‌ಎಎಫ್ ಜೀನ್ ಬದಲಾಗಿರುತ್ತದೆ. ಲೋಳೆಪೊರೆಯದರಲ್ಲಿ ಅದು ವಿರಳ. ಇಲ್ಲಿ ಕಿಟ್, ಎನ್‌ಆರ್‌ಎಎಸ್, ಎನ್‌ಎಫ್‌1, ಎಸ್‌ಎಫ್‌3ಬಿ1 ಜೀನ್‌ಗಳಲ್ಲಿ ಬದಲಾವಣೆಯನ್ನು ಹುಡುಕಬೇಕು. ಹೀಗಿದ್ದರೂ ‘ಬಿಆರ್‌ಎಎಫ್ ನೆಗೆಟಿವ್’ ಎಂಬ ಒಂದು ಪುಟದ ವರದಿಯನ್ನು ಹಿಡಿದು, ಜೀನ್ ಪರೀಕ್ಷೆ ಮುಗಿಯಿತೆಂದು ಸುಮ್ಮನಾಗುವ ಕುಟುಂಬಗಳನ್ನು ಬೆಂಗಳೂರಿನಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಮೊದಲು ಬಯಾಪ್ಸಿ ಮಾಡಿದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟು ಬ್ಲಾಕ್ (ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ತುಂಡು) ಮತ್ತು ಅದರ ತೆಳು ಪದರಗಳಿರುವ ಗಾಜಿನ ಸ್ಲೈಡ್‌ಗಳನ್ನು ಪಡೆಯಿರಿ. ಬಯಾಪ್ಸಿ ಜಯನಗರದಲ್ಲಾಗಿ, ಚಿಕಿತ್ಸೆ ಹೊಸೂರು ರಸ್ತೆಯಲ್ಲಿ ನಡೆಯುವ ಈ ಊರಿನಲ್ಲಿ ಬ್ಲಾಕ್ ಹೊತ್ತು ತಿರುಗುವುದು ಮನೆಯವರೇ. ಮೇಣದ ಆ ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ.

ಎರಡನೆಯದಾಗಿ, ಬ್ಲಾಕ್ ಪರೀಕ್ಷೆಗೆ ಯೋಗ್ಯವೇ ಎಂದು ಪೆಥಾಲಜಿಸ್ಟರನ್ನು ಕೇಳಿ. ಮೂಗಿನ ಗಡ್ಡೆಯ ಜೊತೆ ಮೂಳೆಯ ಚೂರು ಬಂದಿದ್ದು, ಅದನ್ನು ಮೆದುಗೊಳಿಸಲು ಆಮ್ಲ ಬಳಸಿದ್ದರೆ ಡಿಎನ್‌ಎ ಹಾಳಾಗಿರುತ್ತದೆ. ಬೇರೆ ಬ್ಲಾಕ್ ಇದ್ದರೆ ಅದನ್ನೇ ಕಳುಹಿಸಬೇಕು. ಕಡುಕಪ್ಪಾದ ಗಡ್ಡೆಯಲ್ಲಿ ಮೆಲನಿನ್ ಬಣ್ಣವು ಡಿಎನ್‌ಎ ಜೊತೆಗೇ ಉಳಿದುಕೊಂಡು, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿಮಾಡುತ್ತದೆ. ಇದನ್ನು ಲ್ಯಾಬಿಗೆ ಮೊದಲೇ ತಿಳಿಸಿದರೆ ಅವರು ಡಿಎನ್‌ಎಯನ್ನು ಇನ್ನೊಮ್ಮೆ ಶುದ್ಧಗೊಳಿಸುತ್ತಾರೆ. ತಿಳಿಸದಿದ್ದರೆ ‘ಮಾದರಿ ವಿಫಲ’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು.

ಮೂರನೆಯದು ಪರೀಕ್ಷೆಯ ಆಯ್ಕೆ. ಒಂದೊಂದೇ ಜೀನಿನ ಪರೀಕ್ಷೆ ಅಗ್ಗವೆಂದು ಬಿಡಿಬಿಡಿಯಾಗಿ ಮಾಡಿಸುತ್ತ ಹೋದರೆ ಬ್ಲಾಕಿನಲ್ಲಿರುವ ಅಂಗಾಂಶವೇ ಖಾಲಿಯಾಗುತ್ತದೆ. ಕಿಟ್ ಜೀನಿನ 9, 11, 13, 17, 18ನೇ ಎಕ್ಸಾನ್‌ಗಳನ್ನು (ಜೀನಿನ ಖಂಡಗಳನ್ನು) ಒಳಗೊಂಡ, ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಎನ್‌ಜಿಎಸ್ ಪ್ಯಾನೆಲನ್ನು ಒಂದೇ ಸಲಕ್ಕೆ ಮಾಡಿಸಿ; ಈ ವಿಷಯದಲ್ಲಿ ಚೌಕಾಸಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಆನ್‌ಲೈನಿನಲ್ಲಿ ಸಿಗುವ ಎಂಜಲು ಪರೀಕ್ಷೆಯ ಪೊಟ್ಟಣಗಳಂತೂ ಇಲ್ಲಿ ದಂಡ, ಏಕೆಂದರೆ ಅವು ನೋಡುವುದು ಹುಟ್ಟಿನಿಂದ ಬಂದ ಜೀನ್‌ಗಳನ್ನು, ಗಡ್ಡೆಯಲ್ಲಾದ ಬದಲಾವಣೆಯನ್ನಲ್ಲ.

ಎಲ್ಲರೂ ಎಡವುವುದು ವರದಿ ಕೈಗೆ ಬಂದ ಮೇಲೆ. ‘ಕಿಟ್ ಪಾಸಿಟಿವ್’ ಎಂಬ ಮಾತಿಗೆ ಮೂರು ಬೇರೆ ಅರ್ಥಗಳಿರಬಹುದು. ಸಿಡಿ117 ಎಂಬ ಬಣ್ಣದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಕೋಶದಲ್ಲಿ ಕಿಟ್ ಪ್ರೋಟೀನ್ ಇದೆ ಎಂದಷ್ಟೇ ಅರ್ಥ. ಮ್ಯುಟೇಶನ್ ಇದೆ ಎಂದಲ್ಲ. ಜೀನಿನ ಪ್ರತಿಗಳು ಮಾತ್ರ ಹೆಚ್ಚಾಗಿದ್ದರೆ, ಕಿಟ್ ಪ್ರೋಟೀನಿನ ಕೆಲಸವನ್ನು ತಡೆಯುವ ಇಮಾಟಿನಿಬ್ ಮಾತ್ರೆಯಿಂದ ಪ್ರಯೋಜನ ಕಡಿಮೆ. ನಿಜವಾದ ಮ್ಯುಟೇಶನ್ ಇದ್ದಾಗಲೂ ಅದರ ಸ್ಥಾನ ನೋಡಬೇಕು: 11ನೇ ಎಕ್ಸಾನಿನ ಎಲ್576ಪಿ (ಪ್ರೋಟೀನಿನ 576ನೇ ಸ್ಥಾನದ ಬದಲಾವಣೆ), 13ನೇ ಎಕ್ಸಾನಿನ ಕೆ642ಇ ಎಂದಿದ್ದರೆ, ರಕ್ತದ ಕ್ಯಾನ್ಸರಾದ ಸಿಎಂಎಲ್‌ಗೆ 2001ರಿಂದ ಬಳಕೆಯಲ್ಲಿರುವ ಇದೇ ಇಮಾಟಿನಿಬ್ ಬಗ್ಗೆ ವೈದ್ಯರೊಡನೆ ಚರ್ಚಿಸಲು ಅವಕಾಶವಿದೆ, 17ನೇ ಎಕ್ಸಾನಿನ ಡಿ816ವಿ ಇದ್ದರೆ ಆ ಮಾತ್ರೆಗೆ ಗಡ್ಡೆ ಬಗ್ಗುವುದಿಲ್ಲ. ಬಗ್ಗಿದ ಗಡ್ಡೆಯೂ ಎಷ್ಟೋ ಸಲ ಕೆಲವು ತಿಂಗಳಲ್ಲೇ ಮತ್ತೆ ಬೆಳೆಯುತ್ತದೆಂಬುದನ್ನು ಮೊದಲೇ ತಿಳಿದಿರಬೇಕು.

ವರದಿಯಲ್ಲಿ ಮ್ಯುಟೇಶನ್ ಹೆಸರಿರುವ ಸಾಲಿನಲ್ಲೇ ವಿಎಎಫ್ ಎಂಬ ಶೇಕಡಾ ಅಂಕಿ ಇರುತ್ತದೆ. ಓದಲಾದ ಡಿಎನ್‌ಎ ತುಣುಕುಗಳಲ್ಲಿ ಎಷ್ಟು ಪಾಲು ಬದಲಾಗಿದೆ ಎಂಬುದರ ಲೆಕ್ಕವದು. ಮಾದರಿಯಲ್ಲಿ ಶೇ 60ರಷ್ಟು ಗಡ್ಡೆಯ ಕೋಶಗಳಿದ್ದು, ಜೀನಿನ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದ್ದರೆ ಈ ಅಂಕಿ ಶೇ 30ರ ಆಸುಪಾಸಿನಲ್ಲಿರಬೇಕು. ಗಡ್ಡೆಯ ಕೋಶಗಳೇ ಶೇ 10ರಷ್ಟಿದ್ದರೆ ಅದು ಶೇ 5ಕ್ಕೆ ಇಳಿದು, ಪರೀಕ್ಷೆಯ ಕಣ್ಣಿಗೆ ಬೀಳದೆಯೂ ಹೋಗಬಹುದು. ಹಾಗಾಗಿ ‘ನೆಗೆಟಿವ್’ ಎಂಬುದನ್ನು ನಂಬುವ ಮುನ್ನ ಗಡ್ಡೆಯ ಕೋಶಗಳ ಪ್ರಮಾಣವನ್ನು ನೋಡಿ. ಮೊದಲ ಪುಟದ ಫೋಟೋವನ್ನಷ್ಟೇ ವಾಟ್ಸ್ಆ್ಯಪಿನಲ್ಲಿ ವೈದ್ಯರಿಗೆ ಕಳುಹಿಸುವವರು ಸಾಮಾನ್ಯವಾಗಿ ಬಿಡುವುದು ಈ ವಿವರವಿರುವ ಪುಟವನ್ನೇ.

ಬಿಆರ್‌ಎಎಫ್ ಬದಲಾವಣೆ ಕಂಡರೂ ಅದು ವಿ600 ಸ್ಥಾನದ್ದೇ ಎಂದು ಖಚಿತಪಡಿಸಿಕೊಳ್ಳಿ. ವೆಮುರಾಫೆನಿಬ್‌ನಂಥ ಔಷಧಗಳು ತಯಾರಾಗಿರುವುದು ಆ ಸ್ಥಾನಕ್ಕೆ. ‘ಅರ್ಥ ಅನಿಶ್ಚಿತ’ ಎಂಬ ಪಟ್ಟಿಯಲ್ಲಿರುವ ಬದಲಾವಣೆಗಳನ್ನು ಗೂಗಲ್‌ನಲ್ಲಿ ಹುಡುಕುತ್ತ ಕೂರಬೇಡಿ, ಅವುಗಳ ಮೇಲೆ ಚಿಕಿತ್ಸೆ ನಿರ್ಧಾರವಾಗುವುದಿಲ್ಲ.

ಯಾವ ಮ್ಯುಟೇಶನ್ ಸಿಗದಿದ್ದರೂ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್‌ನಂಥ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಔಷಧಗಳನ್ನು ಕೊಡಬಹುದು. ಅದಕ್ಕೆ ಈ ವರದಿಗಾಗಿ ಕಾಯಬೇಕೇ, ಬೇಡವೇ ಎಂಬುದನ್ನು ಪರೀಕ್ಷೆಗೆ ಕಳುಹಿಸುವ ದಿನವೇ ವೈದ್ಯರಲ್ಲಿ ಕೇಳಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ಲ್ಯಾಬಿನಿಂದ ಬರಹದ ರಸೀದಿಯೊಂದಿಗೆ ವಾಪಸ್ ಪಡೆದು, ಮೂಲ ಆಸ್ಪತ್ರೆಗೆ ತಲುಪಿಸಿ.